ಚೆನ್ನಾಗಿದೆ ಎನ್ನಲಾರದ ನಾಲಿಗೆ

ಆ ಸಂಜೆ ಹುಳುಮನೆಯ ಮುಂದಿನ ಜಗಲಿಯ ಮೇಲೆ ಮೂವರು ಕುಳಿತಿದ್ದೆವು. ಒಬ್ಬಾಕೆ ಫ್ರಾನ್ಸೀನ್, ಆ ಗುಡ್ಡದ ಹದಿನೆಂಟು ಹೆಂಗಸರ ರೇಷ್ಮೆ ಸಂಘದ ಮುಖ್ಯಸ್ಥೆ. ನಲವತ್ತೈದರ ಆಸುಪಾಸಿನಾಕೆ, ಕೂತಾಗಲೂ ಕೈ ಸುಮ್ಮನಿರದೆ ಹುಲ್ಲಿನ ಬುಟ್ಟಿಯೊಂದನ್ನು ಹೆಣೆಯುತ್ತಲೇ ಇರುವಾಕೆ. ಇನ್ನೊಬ್ಬರು ದಾಮಸೀನ್, ನಿವೃತ್ತ ಇಂಗ್ಲಿಷ್ ಮೇಷ್ಟ್ರು, ನನಗೂ ಆ ಊರಿಗೂ ನಡುವೆ ಇದ್ದ ಒಂದೇ ಒಂದು ಸೇತುವೆ. ಮೂರನೆಯವನು ನಾನು. ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯವನು. ಇಪ್ಪತ್ತೇಳು ವರ್ಷ ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರುಗಳ ಹಳ್ಳಿಹಳ್ಳಿ ಅಲೆದು ರೇಷ್ಮೆಹುಳು ಸಾಕುವ ವಿಧಾನವನ್ನು, ನನಗಿಂತ ಚೆನ್ನಾಗಿ ಅದನ್ನು ಬಲ್ಲ ರೈತರಿಗೆ ಹೇಳಿಕೊಟ್ಟು ನಿವೃತ್ತನಾದವನು. ಆಮೇಲೆ ಅದೇ ವಿದ್ಯೆಯನ್ನು ಹತ್ತು ತಿಂಗಳ ಮಟ್ಟಿಗೆ ಆಫ್ರಿಕಾದ ರುವಾಂಡಾ ದೇಶದಲ್ಲಿ ಹೇಳಿಕೊಡಲು ಒಪ್ಪಿ ಬಂದವನು. ಅಂಗಳದಲ್ಲಿ ಒಂದು ಮೇಕೆಯೂ ಇತ್ತು. ಅದು ನಮ್ಮ ಮಾತಿಗೆ ಕಿವಿಗೊಡಲಿಲ್ಲ.

ಫ್ರಾನ್ಸೀನ್ ಬುಟ್ಟಿಯಿಂದ ಕಣ್ಣೆತ್ತದೆ ಏನೋ ಕೇಳಿದಳು. ದಾಮಸೀನ್ ಅದನ್ನು ಇಂಗ್ಲಿಷಿಗೆ ತಿರುಗಿಸಿ ನನ್ನ ಮುಂದಿಟ್ಟರು: ಹುಳು ಹೇಗಿವೆ?

ಇಷ್ಟೇ ಪ್ರಶ್ನೆ. ನಾನು ನಿಟ್ಟುಸಿರೊಂದನ್ನು ಬಿಟ್ಟು, ಟವೆಲಿನಿಂದ ಮುಖ ಒರೆಸಿಕೊಂಡು, ಇಂಗ್ಲಿಷಿನಲ್ಲಿ ಏನು ಹೇಳಿದೆನೋ ಅದರ ಕನ್ನಡ ಸಾರ ಹೀಗಿತ್ತು: "ಏನೋ, ಇವೆ. ನೋಡೋಣ."

ದಾಮಸೀನ್ ಪ್ರಾಮಾಣಿಕರು. ನಿಟ್ಟುಸಿರಿನ ಸಮೇತ ಅನುವಾದಿಸಿದರು. ಫ್ರಾನ್ಸೀನಳ ಕೈ ಒಂದು ಗಳಿಗೆ ನಿಂತು ಮತ್ತೆ ಹೆಣೆಯತೊಡಗಿತು. ಆಕೆ ತಲೆಯಾಡಿಸಿ ಎದ್ದು ಹೋದಳು. ನನಗೆ ಏನೂ ಅನ್ನಿಸಲಿಲ್ಲ, ಏಕೆಂದರೆ ಹುಳು ಅಪೂರ್ವವಾಗಿದ್ದವು. ಇಪ್ಪತ್ತೇಳು ವರ್ಷದ ಅನುಭವದಲ್ಲಿ ಅಷ್ಟು ಸಮನಾಗಿ, ಅಷ್ಟು ಹಸಿವಿನಿಂದ, ಅಷ್ಟು ಚೊಕ್ಕವಾಗಿ ಮೇಯುವ ಹುಳುಗಳನ್ನು ನಾನು ಕಂಡದ್ದು ಕಡಿಮೆ. ಅಷ್ಟು ಚೆನ್ನಾಗಿದ್ದುದರಿಂದಲೇ ಹಾಗೆ ಹೇಳಿದ್ದು.

ಆ ಪ್ರಶ್ನೆಯ ಬೆನ್ನ ಹಿಂದೆ ಏನು ನಿಂತಿತ್ತೆಂದು ನನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಆ ಗುಡ್ಡದ ಮೆಟ್ಟಿಲುಹೊಲಗಳಲ್ಲಿ ಮೊದಲು ಬೆಳೆಯುತ್ತಿದ್ದುದು ಹುರುಳಿಕಾಯಿ. ಕಾಳು ಬಿಡಿಸಿ ಬೇಯಿಸಿ ದಿನಾ ಎರಡು ಹೊತ್ತು ತಿನ್ನುವ ಜನ ಅವರು. ಅದನ್ನು ಕಿತ್ತು ಹಿಪ್ಪುನೇರಳೆ ಹಾಕೋಣವೆಂದು ಹದಿನೇಳು ಮನೆಗಳ ಬಾಗಿಲು ತಟ್ಟಿ ಒಪ್ಪಿಸಿದವಳು ಫ್ರಾನ್ಸೀನ್. ನಾನು ಬರುವ ಮುಂಚೆ ಅವರು ಎತ್ತಿದ ಮೊದಲ ಬೆಳೆ, ಇನ್ನೇನು ಗೂಡು ಕಟ್ಟಬೇಕು ಎನ್ನುವ ವಾರದಲ್ಲಿ ರೋಗ ತಗುಲಿ ಪೂರ್ತಿ ಮಣ್ಣು ಸೇರಿತ್ತು. ಹುಳಕ್ಕೆ ಸೊಪ್ಪು ಹಾಕಿ ಮಕ್ಕಳಿಗೆ ಏನು ಹಾಕುತ್ತೀಯ ಎಂದು ಸಂತೆಯಲ್ಲಿ ಆಕೆಯನ್ನು ಕಿಚಾಯಿಸುತ್ತಿದ್ದರಂತೆ. ಕೊನೆಗೆ ಸಂಘ ಕೂತು ತೀರ್ಮಾನಿಸಿದ್ದು: ಇನ್ನೊಂದು ಬೆಳೆ ನೋಡುವುದು, ಅದೂ ಕೈಕೊಟ್ಟರೆ ಹಿಪ್ಪುನೇರಳೆ ಕಿತ್ತು ಹುರುಳಿಕಾಯಿಗೆ ಮರಳುವುದು. ತಿಂಗಳುಗಟ್ಟಲೆ ಹುಳುಮನೆ ಶುಚಿಮಾಡಿ, ತೋಟ ಸರಿಪಡಿಸಿ ಎತ್ತಿದ ಆ ಇನ್ನೊಂದು ಬೆಳೆಯೇ ನನ್ನ ಕೈಯಲ್ಲಿದ್ದುದು. ಇದೆಲ್ಲ ತಿಳಿದೂ ನನ್ನ ನಾಲಿಗೆ ತಾನು ಕಲಿತ ಹಳೆಯ ಪಾಠವನ್ನೇ ಒಪ್ಪಿಸಿತು.

ಆ ಪಾಠ ಹೇಳಿಕೊಟ್ಟವಳು ನನ್ನ ಅಜ್ಜಿ. ನಮ್ಮ ಕಡೆ ಹುಳು ಮೇಯುತ್ತಿರುವ ಮನೆಯವರನ್ನು ‘ಹುಳ ಹೆಂಗೈತಪ್ಪ?’ ಎಂದು ಕೇಳಿ ನೋಡಿ. ‘ಚೆನ್ನಾಗೈತೆ’ ಎಂಬ ಉತ್ತರ ಕೇಳಿದವರಿದ್ದರೆ ನನಗೆ ತೋರಿಸಿ. ಕನ್ನಡದಲ್ಲಿ ಕೇಳಿದವರಿಗೆ ಅಜ್ಜಿ ‘ಏನೋ ಐತೆ ಬಿಡಪ್ಪ’ ಎನ್ನುತ್ತಿದ್ದಳು, ತೆಲುಗಿನಲ್ಲಿ ಕೇಳಿದವರಿಗೆ ‘ಏಮೋ ಉಂದಿಲೇಪ್ಪಾ’. ಎರಡು ಭಾಷೆಯಲ್ಲೂ ಒಂದೇ ಮುಖ ಮಾಡುತ್ತಿದ್ದಳು, ಯಾರೋ ತೀರಿಕೊಂಡ ಮನೆಯ ಮುಖ. ನಾನು ಏಳೆಂಟು ವರ್ಷದವನಿದ್ದಾಗ ಒಮ್ಮೆ, ಬಾಗಿಲಿಗೆ ಬಂದ ನೆಂಟರ ಮುಂದೆ, ನಮ್ಮನೆ ಹುಳ ಬೆರಳು ದಪ್ಪ ಆಗವೆ ಎಂದು ಕೈ ಅಗಲಿಸಿ ತೋರಿಸಿಬಿಟ್ಟೆ. ನೆಂಟರು ಹೋದ ಮೇಲೆ ಅಜ್ಜಿ ನನ್ನ ತೊಡೆಯನ್ನು ತಿರುಚಿ, "ಬಾಯಿ ಮುಚ್ಕೊಂಡು ಸೊಪ್ಪು ಹಾಕೋದ್ ಕಲ್ಕೊಳಪ್ಪ. ಹುಳಕ್ಕೆ ಬೇಕಾಗಿರೋದು ಸೊಪ್ಪು, ನಿನ್ ವರ್ಣನೆಯಲ್ಲ" ಎಂದಳು. ಆ ತಿರುಚಿನ ನೆನಪು ಈಗಲೂ ತೊಡೆಯಲ್ಲಿದೆ.

ಇದು ಸುಳ್ಳಿನ ಕಲೆಯೆಂದು ನೀವು ತಪ್ಪು ತಿಳಿಯಬಾರದು. ನಮ್ಮ ದೊಡ್ಡಪ್ಪ ಒಂದು ಸಲ ಚಿಂತಾಮಣಿ ಬಸ್‌ಸ್ಟ್ಯಾಂಡಿನಲ್ಲಿ ಅಂಬಾಜಿದುರ್ಗದ ಕಡೆಯ ಬೀಗರೊಬ್ಬರ ಎದುರು ತಮ್ಮ ಹುಳುವಿನ ಗತಿ ವಿವರಿಸುತ್ತ ಎಂಥ ಕರುಣಾಜನಕ ಉಸಿರುಬಿಟ್ಟರೆಂದರೆ, ಬೀಗರು ಕರಗಿ ಅವರಿಗೆ ಕಾಫಿ ಕೊಡಿಸಿ ಹೆಗಲು ತಟ್ಟಿ ಕಳಿಸಿದರು. ಪಕ್ಕದಲ್ಲಿ ನಿಂತಿದ್ದ ನನಗೆ ನಾಚಿಕೆಯಾಯಿತು. ಆದರೆ ಬೀಗರು ಮನೆಗೆ ಹೋಗಿ ಹೆಂಡತಿಗೆ ಹೇಳಿದ್ದು ಏನು ಗೊತ್ತೆ? "ಅವ್ರಿಗೆ ಈ ಸಲ ಬೆಳೆ ಭರ್ಜರಿ ಕಣೇ, ಉಸಿರು ಬಲ್ ಉದ್ದ ಇತ್ತು." ಹೇಳುವವನು ಅರ್ಧ ಹೇಳುತ್ತಾನೆ, ಕೇಳುವವನು ಉಳಿದರ್ಧವನ್ನು ತಾನೇ ಪೂರೈಸಿಕೊಳ್ಳುತ್ತಾನೆ, ದೃಷ್ಟಿಯೂ ತಾಗುವುದಿಲ್ಲ, ವಿಷಯವೂ ತಲುಪುತ್ತದೆ.

ಇಲ್ಲಿ ಒಂದು ತಪ್ಪೊಪ್ಪಿಗೆ ಉಂಟು. ಹುಳು ಸಾಯುವುದು ದೃಷ್ಟಿಯಿಂದಲ್ಲ, ಕ್ರಿಮಿಯಿಂದ. ಬಿಳಿ ಪುಡಿ ಹಾಕಿ ಹುಳುಮನೆ ತೊಳೆಯಿರಿ, ಕಾಲು ಅದ್ದಿ ಒಳಗೆ ಬನ್ನಿ ಎಂದು ಇಪ್ಪತ್ತೇಳು ವರ್ಷ ಗಂಟಲು ಹರಿದುಕೊಂಡವನು ನಾನೇ. ಆ ಗಂಟಲು ರೇಷ್ಮೆ ಇಲಾಖೆಯದು. ನಾಲಿಗೆ ಮಾತ್ರ ಅಜ್ಜಿಯದು. ಇವೆರಡರ ನಡುವೆ ಒಪ್ಪಂದವಾಗುವ ಮೊದಲೇ ನನಗೆ ಅರವತ್ತು ತುಂಬಿತು.

ಇಂಥ ನಾಲಿಗೆ ಹೊತ್ತು ನಾನು ಆ ದೇಶದಲ್ಲಿ ಇಳಿದೆ. ಇಳಿದ ಗಳಿಗೆಯಿಂದಲೇ ದಣಿವು ಶುರುವಾಯಿತು. ಅಲ್ಲಿ ಪ್ಲಾಸ್ಟಿಕ್ ಕವರು ನಿಷಿದ್ಧ. ಒಳ್ಳೆಯ ನಿಯಮ, ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ನನ್ನ ಹೆಂಡತಿ ರತ್ನಮ್ಮ ಸಾರಿನ ಪುಡಿ, ಹುರುಳಿಕಾಳಿನ ಚಟ್ನಿಪುಡಿ, ಮೆಂತ್ಯದ ಹಿಟ್ಟು ಎಂದು ಆರು ಬಗೆಯ ಪುಡಿಗಳನ್ನು ಆರು ಕವರಿಗೆ ತುಂಬಿ ಕೊಟ್ಟಿದ್ದಳು. ವಿಮಾನ ನಿಲ್ದಾಣದ ಅಧಿಕಾರಿಣಿ ಅತ್ಯಂತ ಸೌಜನ್ಯದಿಂದ ಕವರುಗಳನ್ನು ಮಾತ್ರ ತೆಗೆದುಕೊಂಡು ಪುಡಿಗಳನ್ನು ನನಗೆ ಬಿಟ್ಟಳು. ಆರೂ ಪುಡಿ ನನ್ನ ಹೊಸ ಪಂಚೆಯೊಳಗೆ ಒಂದಾದವು. ಹತ್ತು ತಿಂಗಳು ನಾನು ಉಂಡದ್ದು ಆ ಸಂಯುಕ್ತ ಸಾರನ್ನೇ, ಉಟ್ಟದ್ದು ಆ ಘಮದ ಪಂಚೆಯನ್ನೇ.

ಎರಡನೆಯ ವಾರ ಸಂತೆಯಲ್ಲಿ ಹುರಿದ ಕಡಲೆಕಾಯಿ ಕಂಡು ಜೀವ ಬಂದಂತಾಗಿ, ಕಾಗದದ ಪೊಟ್ಟಣ ಕೊಂಡು ಊರಿನಲ್ಲಿದ್ದಂತೆ ರಸ್ತೆಯುದ್ದಕ್ಕೂ ಬಾಯಿಗೆ ಎಸೆದುಕೊಳ್ಳುತ್ತ ನಡೆದೆ. ಎದುರು ಬಂದವರೆಲ್ಲ ನೆಲ ನೋಡುತ್ತ ಪಕ್ಕಕ್ಕೆ ಸರಿದರು. ದಾರಿಯಲ್ಲಿ ನಿಂತೋ ನಡೆದೋ ತಿನ್ನುವುದು ಅಲ್ಲಿ ಅಸಭ್ಯವಂತೆ. ದೊಡ್ಡವರು ಹಾಗೆ ಮಾಡಿದರೆ ನೋಡಿದವರಿಗೇ ಸಂಕೋಚ. ದಾಮಸೀನ್ ಅದನ್ನು ತಿಳಿಸಿದಾಗ ಪೊಟ್ಟಣ ಖಾಲಿಯಾಗಿತ್ತು. ಊಟಕ್ಕೆ ಮರಗೆಣಸಿನ ಹಿಟ್ಟಿನ ಬಿಳಿಯ ಮುದ್ದೆ ಇಡುತ್ತಿದ್ದರು, ಕಣ್ಣು ಮುಚ್ಚಿ ನುಂಗಿದರೆ ಕೆಂಚಾರ್ಲಹಳ್ಳಿ, ತೆರೆದರೆ ಪರದೇಶ. ವರ್ಷದ ಅಷ್ಟೂ ದಿನ ಸಂಜೆ ಆರಕ್ಕೆ ಸೂರ್ಯ ಮುಳುಗಿಬಿಡುತ್ತಾನೆ, ಒಂದು ದಿನವಾದರೂ ಹತ್ತು ನಿಮಿಷ ಹೆಚ್ಚಿಗೆ ಕೂತು ಹೋಗೋಣವೆಂದಿಲ್ಲ. ಊರೆಂದರೆ ಗುಡ್ಡ, ದಾರಿಯೆಂದರೆ ಏರು. ಇಳಿಜಾರುಗಳನ್ನು ಯಾರೋ ಬೇರೆಯವರಿಗೆ ಹಂಚಿಬಿಟ್ಟಿದ್ದರೆಂದು ನನ್ನ ಮಂಡಿಗಳ ಅಭಿಪ್ರಾಯ.

ಇವೆಲ್ಲಕ್ಕೂ ಮನುಷ್ಯ ಒಗ್ಗುತ್ತಾನೆ. ಒಗ್ಗಲು ಕಷ್ಟವಾದದ್ದು ಅವರ ಕುಶಲಪ್ರಶ್ನೆಗೆ. ಅಲ್ಲಿ ಎದುರಾದವರೆಲ್ಲ ‘ಅಮಾಕುರು?’ ಎನ್ನುತ್ತಾರೆ, ಏನು ಸಮಾಚಾರವೆಂದು. ಕೇಳಿಸಿಕೊಂಡವರು ‘ನಿ ಮೇಜಾ’ ಎನ್ನಬೇಕು, ಚೆನ್ನಾಗಿದೆಯೆಂದು. ಇದಕ್ಕೆ ವಿನಾಯಿತಿಯಿಲ್ಲ. ಒಂದು ಬೆಳಿಗ್ಗೆ ದಾಮಸೀನರ ಕೆನ್ನೆ ಹಲ್ಲುನೋವಿನಿಂದ ಸೋರೆಕಾಯಿಯಂತೆ ಊದಿಕೊಂಡಿತ್ತು, ಮಾತಾಡಿದರೆ ಕಣ್ಣಲ್ಲಿ ನೀರು. ಆದರೂ ದಾರಿಯಲ್ಲಿ ಸಿಕ್ಕ ಹನ್ನೆರಡು ಜನಕ್ಕೂ ಹನ್ನೆರಡು ಸಲ ‘ನಿ ಮೇಜಾ’ ಎಂದರು. ಅದೊಂದು ಮರ್ಯಾದೆ, ನನ್ನ ಕಷ್ಟದ ಗಂಟನ್ನು ನಿನ್ನ ತಲೆಗೆ ಹೊರಿಸುವುದಿಲ್ಲ ಎಂಬ ಆಶ್ವಾಸನೆ. ಎಲ್ಲ ಸರಿಯಿಲ್ಲದಿದ್ದರೂ ಸರಿಯಿದೆ ಎನ್ನುವ ಜನ ಅವರು, ಎಲ್ಲ ಸರಿಯಿದ್ದರೂ ಇಲ್ಲವೆನ್ನುವ ಜನ ನಾವು. ನನಗೆ ಇದು ತಮಾಷೆಯಾಗಿ ಕಂಡಿತ್ತು. ಅಂಥ ಊರಿನಲ್ಲಿ ಯಾವನಾದರೂ ‘ಏನೋ, ಇವೆ, ನೋಡೋಣ’ ಎಂದನೆಂದರೆ ಅದರ ಅರ್ಥ ಏನಾದೀತೆಂದು ಕೂತು ಯೋಚಿಸುವಷ್ಟು ಬುದ್ಧಿ ಮಾತ್ರ ಆಗ ಓಡಲಿಲ್ಲ.

ದಿನಾ ಮಧ್ಯಾಹ್ನ ರತ್ನಮ್ಮನ ಫೋನು ಬರುತ್ತಿತ್ತು. ಅವಳೂ ಊರಿನಲ್ಲಿ ಹುಳು ಸಾಕುತ್ತಾಳೆ. ನನ್ನ ಭಾಷಣಗಳಲ್ಲಿ ಬಂದ ಅನುಭವಗಳೆಲ್ಲ ಅವಳವೇ. ನಮ್ಮ ಸಂಭಾಷಣೆ ಹೆಚ್ಚು ಉದ್ದವಿರುತ್ತಿರಲಿಲ್ಲ.

"ಹೆಂಗಿದೀರ?"

"ಏನೋ ಇದೀನಿ."

"ಯಾಕೆ, ಮಂಡಿ ಮತ್ತೆ ಹಿಡ್ಕೊಂತಾ? ಎಳ್ಳೆಣ್ಣೆ ಹಚ್ಕೊಳ್ರಿ."

ಮರುದಿನ ಅದೇ ಪ್ರಶ್ನೆ, ಅದೇ ಉತ್ತರ. "ಓ, ಇವತ್ತು ಗೆಲುವಾಗಿದೀರ. ಏನ್ ತಿಂದ್ರಿ?" ಎನ್ನುತ್ತಿದ್ದಳು. ಎರಡು ದಿನವೂ ನಾನು ಆಡಿದ್ದು ಅದೇ ಎರಡು ಪದ. ಇದರಲ್ಲಿ ಸೋಜಿಗವಿದೆ ಎಂದೂ ಆಗ ಹೊಳೆದಿರಲಿಲ್ಲ.

ಜಗಲಿಯ ಮಾತಾದ ಮರುದಿನ ಸೊಪ್ಪು ಕಡಿಮೆ ಬಂತು. ನಾಲ್ಕನೆಯ ಸಲ ಪೊರೆ ಕಳಚಿ ಎದ್ದ ಹುಳು ಅದು. ಇನ್ನು ಐದಾರು ದಿನ ಅಷ್ಟೇ ಅದರ ಊಟ, ಆಮೇಲೆ ಗೂಡು. ಜೀವಮಾನದಲ್ಲಿ ತಿನ್ನುವುದರ ಬಹುಪಾಲನ್ನು ಅದು ತಿನ್ನುವುದು ಆ ಕೊನೆಯ ದಿನಗಳಲ್ಲೇ. ಆಗ ಹಸಿದರೆ ನೂಲು ಎಲ್ಲಿಂದ ಬರಬೇಕು? ಹದಿನೆಂಟು ಮನೆಯವರೂ ದಿನಾ ತಲೆಯ ಮೇಲೆ ಒಂದೊಂದು ಬುಟ್ಟಿ ಸೊಪ್ಪು ಹೊತ್ತು ಗುಡ್ಡ ಹತ್ತಿ ಬರಬೇಕಿತ್ತು. ಒಂಬತ್ತು ಬುಟ್ಟಿ ಬಂದವು. ಮಳೆ ಹಿಡಿದಿದೆ, ದಾರಿ ಜಾರುತ್ತಿರಬಹುದು ಎಂದುಕೊಂಡೆ. ಅದರ ಮರುದಿನ ಬೆಳಿಗ್ಗೆ ಬಂದದ್ದು ನಾಲ್ಕೇ ಬುಟ್ಟಿ. ಹತ್ತು ಗಂಟೆಯ ಹೊತ್ತಿಗೆ ತಟ್ಟೆಗಳಲ್ಲಿ ದಂಟು ಮಾತ್ರ ಉಳಿದು, ಸಾವಿರಾರು ಹುಳುಗಳು ಮುಂಭಾಗವನ್ನೆತ್ತಿ ಗಾಳಿಯಲ್ಲಿ ಏನನ್ನೋ ಹುಡುಕುವಂತೆ ತಲೆಯಾಡಿಸತೊಡಗಿದವು. ಹುಳು ಸಾಕಿದವರಿಗೆ ಆ ದೃಶ್ಯ ನೋಡಲಾಗುವುದಿಲ್ಲ. ನಾನು ಕೊಡೆ ಹಿಡಿದು, ದಾಮಸೀನರನ್ನು ಜೊತೆ ಮಾಡಿಕೊಂಡು, ಫ್ರಾನ್ಸೀನಳ ಹೊಲಕ್ಕೆ ಹೊರಟೆ.

ಹೊಲ ಎದುರು ಗುಡ್ಡದಲ್ಲಿತ್ತು. ಆಕೆ ಒಬ್ಬಳೇ ಇದ್ದಳು, ಕೈಯಲ್ಲಿ ಗುದ್ದಲಿ. ಅವಳ ಹಿಂದೆ ಮೂರು ಸಾಲು ಹಿಪ್ಪುನೇರಳೆ ಬೇರು ಮೇಲಾಗಿ ಬಿದ್ದಿತ್ತು. ಒಂದೊಂದೂ ಎರಡು ವರ್ಷದ ಗಿಡ, ಎದೆಯೆತ್ತರ, ಎಲೆಗಳು ಇನ್ನೂ ಬಾಡಿರಲಿಲ್ಲ. ಕೆಂಪು ಮಣ್ಣು ಅವಳ ಮೊಣಕಾಲಿನವರೆಗೆ ಹತ್ತಿತ್ತು. ನಮ್ಮನ್ನು ಕಂಡು ಗುದ್ದಲಿ ನೆಟ್ಟು, ಕೈ ಒರೆಸಿಕೊಂಡು, ಎಂದಿನಂತೆ ನಕ್ಕು ‘ಅಮಾಕುರು, ಮ್ವಾರಿಮು?’ ಎಂದಳು. ಮ್ವಾರಿಮು ಎಂದರೆ ಮೇಷ್ಟ್ರು. ನಾನು ತಡವರಿಸಿ, ನಿಮ್ಮ ಸಮಾಚಾರವೇನೆಂದು ತಿರುಗಿ ಕೇಳಿದೆ.

"ನಿ ಮೇಜಾ" ಎಂದಳು. ಹಿಂದೆ ಮೂರು ಸಾಲು ಬಿದ್ದಿದ್ದವು.

ದಾಮಸೀನ್ ಆಕೆಯೊಡನೆ ಬಹಳ ಹೊತ್ತು ಮಾತಾಡಿ ನನ್ನ ಕಡೆ ತಿರುಗಿದರು. "ಹುಳು ಉಳಿಯುವುದಿಲ್ಲವೆಂದು ನೀವೇ ಹೇಳಿದಿರಲ್ಲ ಎನ್ನುತ್ತಿದ್ದಾಳೆ."

"ನಾನೆಲ್ಲಿ ಹೇಳಿದೆ?"

"ಮೊನ್ನೆ ಜಗಲಿಯ ಮೇಲೆ. ನಿಟ್ಟುಸಿರು ಬಿಟ್ಟಿರಿ, ಮುಖ ಒರೆಸಿಕೊಂಡಿರಿ, ನೋಡೋಣ ಎಂದಿರಿ." ಆಮೇಲೆ ಸೇರಿಸಿದರು: "ಪಾಪ, ಈ ಮನುಷ್ಯನಿಗೆ ನೇರವಾಗಿ ಹೇಳಲು ಮನಸ್ಸಾಗುತ್ತಿಲ್ಲ ಎಂದು ನಾನೂ ತಿಳಿದೆ."

ಹೋದ ಸಲವೂ ಇದೇ ಹಂತದಲ್ಲಿ ಹುಳುಗಳು ನೋಡಲು ದಪ್ಪಗೆ ಬೆಳ್ಳಗೆ ಇದ್ದವಂತೆ, ಆಮೇಲೆ ಎರಡೇ ದಿನದಲ್ಲಿ ಕರಗಿಹೋದವಂತೆ. ಕಣ್ಣನ್ನು ನಂಬಬಾರದೆಂದು ಆಕೆ ಅಂದೇ ಕಲಿತಿದ್ದಳು. ಹಾಗಾಗಿ ಈ ಸಲ ನನ್ನ ಬಾಯಿಯನ್ನು ನಂಬಿದ್ದಳು. ಹುರುಳಿಕಾಯಿ ಬಿತ್ತುವ ಮಳೆ ಇದೇ ವಾರ; ತಪ್ಪಿಸಿದರೆ ಆ ಬೆಳೆಯೂ ಇಲ್ಲ. ಎಲ್ಲರನ್ನೂ ಈ ದಾರಿಗೆ ಎಳೆದವಳು ತಾನು, ಆದ್ದರಿಂದ ಮೊದಲು ಕೀಳಬೇಕಾದದ್ದು ತನ್ನ ಗಿಡ. ಹುಳು ಉಳಿಯುವುದಿಲ್ಲವೆಂಬ ಸುದ್ದಿ ಆಗಲೇ ಮನೆಮನೆಗೆ ಮುಟ್ಟಿ ಸೊಪ್ಪು ಬರುವುದು ನಿಂತಿತ್ತು; ಗಿಡ ಕೀಳಿರೆಂದು ನಾಳೆ ಉಳಿದವರಿಗೂ ಹೇಳುವುದೆಂದು ನಿರ್ಧರಿಸಿದ್ದಳು. ಇದನ್ನೆಲ್ಲ ಆಕೆ ಮುಖದ ಒಂದು ಗೆರೆಯೂ ಅಲುಗದಂತೆ ಹೇಳಿದಳು.

ಈಗ ನಾನು ಮಾಡಬೇಕಾಗಿದ್ದುದು ಒಂದೇ, ಬಾಯಿ ತೆರೆದು ‘ಹುಳು ಚೆನ್ನಾಗಿವೆ’ ಎನ್ನುವುದು. ಎರಡೇ ಪದ. ಓದುಗ ಮಿತ್ರರೇ, ನಗಬೇಡಿ, ನಾಲಿಗೆ ಏಳಲಿಲ್ಲ. ಹೇಳಿದ ಗಳಿಗೆಯಲ್ಲೇ ಅತ್ತ ಹುಳುಮನೆಯಲ್ಲಿ ಏನೋ ಆಗಿಬಿಡುತ್ತದೆಂಬ ನಂಬಿಕೆ, ನಾನು ನಂಬದ ಆ ನಂಬಿಕೆ, ಗಂಟಲಿಗೆ ಅಡ್ಡ ಕೂತಿತ್ತು. ಅಷ್ಟರಲ್ಲಿ ಜೇಬಿನಲ್ಲಿ ಫೋನು ಬಡಿದುಕೊಂಡಿತು. ರತ್ನಮ್ಮನ ಹೊತ್ತು. ಕೈಯ ಗಾಬರಿಗೆ ಅದು ಸ್ಪೀಕರಿಗೆ ಬಿದ್ದು, ಅವಳ ದನಿ ಆ ಗುಡ್ಡಕ್ಕೆಲ್ಲ ಕೇಳಿಸಿತು.

"ಹೆಂಗಿದೀರ?"

"ಏನೋ ಇದೀನಿ" ಎಂದೆ.

"ಏನಾಯ್ತು? ಬೇಗ ಹೇಳ್ರಿ, ಸೊಪ್ಪು ಹಾಕ್ತಾ ಇದೀನಿ."

ಹೇಳಿದೆ. ಆ ಕಡೆ ಸೊಪ್ಪಿನ ಬುಟ್ಟಿ ಕೆಳಗಿಟ್ಟ ಸದ್ದಾಯಿತು. ಆಮೇಲೆ ಶುರುವಾಯಿತು.

"ಅಯ್ಯೋ ನಿಮ್ ಬಾಯಿಗಿಷ್ಟು! ಅಲ್ರೀ, ಹುಳ ಹಸ್ಕೊಂಡು ತಲೆ ಎತ್ಕೊಂಡವೆ, ಆ ಯಮ್ಮ ಗಿಡ ಕಿತ್ತಾಕ್ತಾ ಅವ್ಳೆ, ನೀವು ಗರುಡಗಂಬದಂಗೆ ನಿಂತಿದೀರಲ್ಲ!"

"ಹಂಗಲ್ಲ ಕಣೇ. ಬಾಯ್ಬಿಟ್ಟು ಅಂದ್ಬಿಟ್ಟು, ನಾಳೆ ಏನಾರ ಆದ್ರೆ?"

"ಆಗೋದೇನು, ಆಗ್ಲೇ ಆಗ್ತಾ ಐತಲ್ಲ! ನಿಮ್ಮಜ್ಜಿ ಮುಚ್ಚಿಡ್ತಾ ಇದ್ದಿದ್ದು ಬಾಗಿಲಿಗೆ ಬಂದೋರ ಹತ್ರ. ಈ ಯಮ್ಮ ಬಾಗಿಲಿಗೆ ಬಂದೋಳೇನ್ರೀ? ಹುಳ ಅವಳ್ದು! ಮಗೀಗೆ ಜ್ವರ ಐತೋ ಇಲ್ವೋ ಅಂತ ಹೆತ್ತೋಳು ಕೇಳಿದ್ರೂ ನೋಡೋಣ ಅಂತೀರಾ?"

ನಾನು ಫೋನನ್ನು ಇನ್ನೊಂದು ಕೈಗೆ ಬದಲಿಸಿಕೊಂಡೆ.

"ಹೇಳ್ರಿ ಈಗ. ದೃಷ್ಟಿ ಗಿಷ್ಟಿ ಅಂತಿದ್ರೆ ನಾನಿಲ್ಲಿ ಉಪ್ಪು ಮೆಣಸಿನ್ಕಾಯಿ ಇಳೆ ತೆಗೆದು ಒಲೆಗಾಕ್ತೀನಿ. ನಮ್ಮನೆ ಹುಳಕ್ಕೂ ತೆಗೀಬೇಕಿತ್ತು, ಎಲ್ಡೂ ಒಂದೇ ಸಲ ಆಗ್ಲಿ."

"ಹುಳುಮನೆಯಿಂದ ದೂರ ಹಾಕೇ, ಘಾಟು ಆಗಲ್ಲ ಅದಕ್ಕೆ" ಎಂದೆ, ತಡೆಯಲಾರದೆ.

"ಊರಿಗೆಲ್ಲ ಪಾಠ ಹೇಳಿದ್ದು ಸಾಕು, ನಂಗೇಳ್ಬೇಡಿ" ಎಂದು ಫೋನು ಇಟ್ಟಳು.

ಫ್ರಾನ್ಸೀನ್ ಒಂದು ಪದವೂ ಅರ್ಥವಾಗದೆ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಯಾರು ಬೈದದ್ದು ಎಂದು ದಾಮಸೀನರ ಮೂಲಕ ವಿಚಾರಿಸಿದಳು. ಹೆಂಡತಿ ಎಂದೆ. ಬೈದದ್ದು ಸರಿಯೇ ಎಂದು ಕೇಳಿದಳು. ಸರಿ ಎಂದೆ. ಆಮೇಲೆ, ಬಿಸಿ ತುತ್ತನ್ನು ಉಗುಳುವವನ ಹಾಗೆ, ಒಂದೇ ಉಸಿರಿಗೆ ಹೇಳಿಬಿಟ್ಟೆ: "ಹುಳು ಚೆನ್ನಾಗಿವೆ. ತುಂಬಾ ಚೆನ್ನಾಗಿವೆ. ಇಂಥ ಹುಳು ನಾನು ನೋಡಿದ್ದೇ ಅಪರೂಪ. ಸೊಪ್ಪು ಹಾಕಿದರೆ ಇನ್ನು ನಾಲ್ಕು ದಿನಕ್ಕೆ ಗೂಡು ಕಟ್ಟುತ್ತವೆ." ಹೇಳಿ ಮುಗಿಸಿ, ಯಾರಿಗೂ ಕಾಣದಂತೆ ಪಕ್ಕಕ್ಕೆ ತಿರುಗಿ ಮೂರು ಸಲ ಥೂ ಥೂ ಎಂದೆ. ದಾಮಸೀನರಿಗೆ ಕಂಡಿತು. ಅದನ್ನೂ ಅನುವಾದಿಸಬೇಕೇ ಎಂದು ಕೇಳಿದರು.

ಫ್ರಾನ್ಸೀನ್ ನಂಬಲಿಲ್ಲ. ಹಾಗಿದ್ದರೆ ಮೊನ್ನೆಯೇ ಏಕೆ ಹೇಳಲಿಲ್ಲವೆಂದು ಕೇಳಿದಳು. ಕೆಸರಿನಲ್ಲಿ ನಿಂತುಕೊಂಡು ನಾನು ಅಜ್ಜಿಯಿಂದ ಹಿಡಿದು ದೊಡ್ಡಪ್ಪನ ಉಸಿರಿನವರೆಗೆ ಎಲ್ಲವನ್ನೂ ವಿವರಿಸಬೇಕಾಯಿತು. ಆಕೆ ಗುದ್ದಲಿಯ ಹಿಡಿಯ ಮೇಲೆ ಗಲ್ಲವೂರಿ ಕೇಳಿ, ಕೊನೆಗೆ ಒಂದೇ ಸಂದೇಹ ಎತ್ತಿದಳು: "ನಿಮ್ಮೂರಿನಲ್ಲಿ ಹುಳು ನಿಜವಾಗಿಯೂ ಕೆಟ್ಟಾಗ ಏನು ಹೇಳುತ್ತೀರಿ?"

ಯೋಚಿಸಿದೆ. "ಆಗಲೂ ಅದನ್ನೇ ಹೇಳುತ್ತೇವೆ."

ಆಕೆ ನಗತೊಡಗಿದಳು. ದಾಮಸೀನರೂ ನಕ್ಕರು, ಇನ್ನೂ ನೋಯುತ್ತಿದ್ದ ಕೆನ್ನೆ ಹಿಡಿದುಕೊಂಡು. ನನಗೂ ಸ್ವಲ್ಪ ಧೈರ್ಯ ಬಂದು, ನೀವು ಮಾತ್ರ ಗಿಡ ಕೀಳುತ್ತ ಚೆನ್ನಾಗಿದೆ ಎಂದಿರಲ್ಲ, ಅದೇನು ಎಂದು ಕೇಳಿದೆ. ಆಕೆಯ ನಗು ನಿಂತಿತು. "ಕೀಳುತ್ತಿರುವುದು ನಿಮಗೆ ಕಾಣುತ್ತಿತ್ತಲ್ಲ ಮ್ವಾರಿಮು? ಬಾಯಲ್ಲಿ ಬೇರೆ ಏಕೆ ಹೇಳಬೇಕು?"

ಕಂಡಿತ್ತು, ನಿಜ. ಕಾಣದವನಿಗೆ ಬರೀ ಮಾತು ಉಳಿಯುತ್ತದೆ. ಊರಿನಲ್ಲಿ ನನ್ನ ಅರ್ಧ ಮಾತನ್ನು ಪೂರೈಸಲು ಬಸ್‌ಸ್ಟ್ಯಾಂಡಿನಲ್ಲಿ ನಿಂತ ಬೀಗರಿಂದ ಹಿಡಿದು ಫೋನಿನಾಚೆಯ ರತ್ನಮ್ಮನವರೆಗೆ ಎಷ್ಟೊಂದು ಜನ ಸಂಬಳವಿಲ್ಲದೆ ದುಡಿಯುತ್ತಿದ್ದರೆಂದು ನನಗೆ ತಿಳಿದದ್ದು ಆ ಕೆಸರಿನಲ್ಲಿ. ನನ್ನ ತಿಂಗಳುಗಟ್ಟಲೆಯ ದಣಿವಿಗೆ ನಾನು ಏರುದಾರಿಯನ್ನು, ಮಂಡಿಯನ್ನು, ಆರು ಗಂಟೆಯ ಕತ್ತಲನ್ನು ದೂರುತ್ತಿದ್ದೆ. ಪರದೇಶದಲ್ಲಿ ನಿಜಕ್ಕೂ ಸುಸ್ತು ಮಾಡುವುದು ಬೇರೆ ಇದೆ: ಅಲ್ಲಿ ಪ್ರತಿಯೊಂದು ಮಾತನ್ನೂ ಆರಂಭದಿಂದ ಕೊನೆಯವರೆಗೆ ನಾವೊಬ್ಬರೇ ಆಡಿ ಮುಗಿಸಬೇಕು. ಮಾತು ಪೂರೈಸುವ ಆ ಹೊರೆಯನ್ನು ಫ್ರಾನ್ಸೀನಳ ತಲೆಗೆ ನಾನು ಹೊರಿಸಿದ್ದೆ, ಆಕೆ ಅದನ್ನು ತನಗೆ ತಿಳಿದಂತೆ ಹೊತ್ತಿದ್ದಳು.

ಮಾತಿಗೆ ಹೊತ್ತಿರಲಿಲ್ಲ. ಕಿತ್ತು ಬಿದ್ದ ಮೂರು ಸಾಲಿನ ಗಿಡಗಳ ಎಲೆ ಇನ್ನೂ ಹಸಿಯಾಗಿತ್ತು. ಮೂವರೂ ಕೂತು ಕಡ್ಡಿಯಿಂದ ಎಲೆ ತರಿದೆವು. ಮಳೆನೀರು ಅಂಟಿದ್ದನ್ನು ಆಕೆ ತನ್ನ ಮೇಲುಹೊದಿಕೆಯಿಂದ ಒಂದೊಂದಾಗಿ ಒರೆಸಿದಳು, ಏಕೆಂದರೆ ಒದ್ದೆ ಸೊಪ್ಪು ಹುಳುವಿಗೆ ಆಗದೆಂದು ಮೊದಲ ದಿನವೇ ನಾನು ಪಾಠ ಹೇಳಿದ್ದೆ. ಎರಡು ಬುಟ್ಟಿ ಆಕೆಯ ತಲೆಯ ಮೇಲೆ, ಒಂದರ ಮೇಲೊಂದು. ಒಂದು ನನ್ನ ಹೆಗಲಿಗೆ, ಅದನ್ನೂ ಅರ್ಧ ದಾರಿಯಲ್ಲಿ ದಾಮಸೀನ್ ಇಸಿದುಕೊಂಡರು. ಹುಳುಮನೆಯಲ್ಲಿ ಸೊಪ್ಪು ಹರಡಿ ನಿಂತೆವು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ತಟ್ಟೆಯಿಂದ ತಟ್ಟೆಗೆ ಮೇಯುವ ಸದ್ದು ಹಬ್ಬಿತು. ಫ್ರಾನ್ಸೀನ್ ಹಾಗೇ ನೆಲದ ಮೇಲೆ ಕೂತು, ತಟ್ಟೆಯ ಅಂಚಿಗೆ ಕಿವಿ ಹತ್ತಿರ ತಂದು ಬಹಳ ಹೊತ್ತು ಕೇಳಿದಳು. ಎದ್ದು ಬಾಗಿಲಿಗೆ ಹೋಗಿ, ಎದುರು ಗುಡ್ಡದ ಮನೆಗಳ ಕಡೆ ತಿರುಗಿ ದೊಡ್ಡ ದನಿಯಲ್ಲಿ ಕೂಗಿದಳು. ಏನು ಕೂಗಿದಳೆಂದು ದಾಮಸೀನರನ್ನು ಕೇಳಲಿಲ್ಲ. ಕತ್ತಲಾಗುವುದರೊಳಗೆ ಹದಿನಾರು ಬುಟ್ಟಿ ಬಂದಿದ್ದವು.

ಒಂದೂವರೆ ದಿನದ ಹಸಿವು ಅವಕ್ಕೆ ತಟ್ಟದಿರಲಿಲ್ಲ. ಕೆಲವು ಗೂಡು ಸಣ್ಣವಾದವು, ಕೆಲವು ತೆಳ್ಳಗಾದವು. ಅದು ನನ್ನ ನಾಲಿಗೆಯ ಅಳತೆಯಷ್ಟು ನಷ್ಟ. ಉಳಿದವು ಬಿಳಿಯಾಗಿ, ಗಟ್ಟಿಯಾಗಿ, ಅಲುಗಾಡಿಸಿದರೆ ಒಳಗೆ ಕಾಳಿನಂತೆ ಸದ್ದು ಮಾಡುವ ಒಳ್ಳೆಯ ಗೂಡುಗಳು. ಹುಳು ಗೂಡು ಕಟ್ಟಲು ಬೇಕಾದ ಬಿದಿರಿನ ಚಂದ್ರಿಕೆಗಳನ್ನು ಹೆಣೆಯುವುದನ್ನು ನಾನು ಹೇಳಿಕೊಡಹೋಗಿ, ಬುಟ್ಟಿ ಹೆಣೆಯುವ ಆ ಕೈಗಳು ಅದನ್ನು ನನ್ನಿಂದ ಕಸಿದುಕೊಂಡು ನನಗಿಂತ ಅಂದವಾಗಿ ಹೆಣೆದಿದ್ದವು. ಗೂಡು ಬಿಡಿಸುವ ದಿನ ಹದಿನೆಂಟೂ ಹೆಂಗಸರು ಬಂದರು. ಸಂಘ ಅಲ್ಲೇ ಕೂತು ಮಾತಾಡಿತು. ಯಾರೂ ಗಿಡ ಕೀಳುವುದಿಲ್ಲವೆಂದು ತೀರ್ಮಾನವಾಯಿತು.

ತಿಂಗಳ ಕೊನೆಯ ಶನಿವಾರ ಆ ದೇಶದಲ್ಲಿ ಎಲ್ಲರೂ ಕೂಡಿ ಊರ ಕೆಲಸ ಮಾಡುವ ಪದ್ಧತಿ. ಆ ಶನಿವಾರ ಅದು ಮುಗಿದ ಮೇಲೆ ಹೆಂಗಸರು ಫ್ರಾನ್ಸೀನಳ ಹೊಲಕ್ಕೆ ಬಂದು ಮೂರು ಸಾಲಿಗೂ ಹೊಸ ಕಡ್ಡಿ ನೆಟ್ಟರು. ನಾನೂ ಗುದ್ದಲಿ ಹಿಡಿದೆ. ಏಳು ಗುಂಡಿ ತೋಡುವಷ್ಟರಲ್ಲಿ ಸೊಂಟ ಹಿಡಿಯಿತು, ಬದುವಿನ ಮೇಲೆ ಕೂರಿಸಿದರು.

ಹತ್ತು ದಿನ ಕಳೆದು, ಒಪ್ಪಿ ಬಂದ ಅವಧಿ ಮುಗಿದು, ನಾನು ಹೊರಟೆ. ಕಡ್ಡಿಗಳು ಇನ್ನೂ ಚಿಗುರಿರಲಿಲ್ಲ. ಬಸ್ಸಿನವರೆಗೆ ದಾಮಸೀನ್ ಬಂದರು, ಸಂಘದ ಹತ್ತು ಹನ್ನೆರಡು ಹೆಂಗಸರೂ ಬಂದರು. ಫ್ರಾನ್ಸೀನ್ ಬರಲಿಲ್ಲ. ಹಿಂದಿನ ದಿನ ಹೊಸ ಮರಿಹುಳು ಬಂದಿದ್ದವು. ಸೊಪ್ಪು ಹಾಕುವ ಹೊತ್ತು, ಬಿಟ್ಟು ಬರುವ ಹಾಗಿಲ್ಲವೆಂದು ಹೇಳಿಕಳಿಸಿದ್ದಳು.